ರಸ್ತೆ ಒಂದ್ಕಡೆ, ಗಿಡ ಇನ್ನೊಂದ್ಕಡೆ: ಕ್ಯಾಂಪಾ ದುಡ್ಡಿನ ಗೊಂದಲ ಏನು?

2025ರ ಫೆಬ್ರವರಿಯಲ್ಲಿ ಉತ್ತರಾಖಂಡದ ಬಗ್ಗೆ ಸಿಎಜಿ, ಅಂದ್ರೆ ಸರ್ಕಾರಿ ಖರ್ಚಿನ ಲೆಕ್ಕ ತಪಾಸಣೆ ಮಾಡೋ ಸಂಸ್ಥೆ, ಕೊಟ್ಟ ಒಂದು ವರದಿ ದೇಶದ ತುಂಬ ಸುದ್ದಿಯಾಯ್ತು. ಹೋದ ಕಾಡಿಗೆ ಬದಲಾಗಿ ಕಾಡು ಬೆಳೆಸೋಕೆ ಅಂತ ಇಟ್ಟಿದ್ದ, ಕ್ಯಾಂಪಾ ಅಂತ ಕರೆಯೋ ನಿಧಿಯ ದುಡ್ಡಲ್ಲಿ ಐಫೋನ್, ಲ್ಯಾಪ್‌ಟಾಪ್, ಫ್ರಿಜ್, ಕೂಲರ್ ತಗೊಂಡಿದ್ದಾರೆ, ಕಟ್ಟಡ ರಿಪೇರಿ ಮಾಡಿಸಿದ್ದಾರೆ, ಒಟ್ಟು 13.86 ಕೋಟಿ ರೂಪಾಯಿ ಬೇರೆ ಕೆಲಸಕ್ಕೆ ಹೋಗಿದೆ ಅಂತ ಅದ್ರಲ್ಲಿತ್ತು. ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ಮುಖ್ಯ ಕಾರ್ಯದರ್ಶಿ ಹತ್ರ ವಿವರಣೆ ಕೇಳ್ತು. ಐಫೋನ್ ಅನ್ನೋ ಪದ ಹೆಡ್‌ಲೈನ್‌ಗೆ ಚೆನ್ನಾಗಿ ಕೂತ್ಕೊಳ್ಳತ್ತೆ, ಹಾಗಾಗಿ ಎಲ್ಲರೂ ಅದನ್ನೇ ಹಂಚ್ಕೊಂಡ್ರು.

ಆದ್ರೆ ಓದಿದವರಿಗೆ ಗೊಂದಲ ಉಳಿದೇ ಹೋಯ್ತು. ಈ ಕ್ಯಾಂಪಾ ಅಂದ್ರೆ ಯಾರ ದುಡ್ಡು, ನಾವು ಕಟ್ಟೋ ತೆರಿಗೆನಾ, ಹೈವೇ ಮಾಡೋರು ಕೊಡೋದಾ, ಸಾವಿರಾರು ಕೋಟಿ ಇದೆ ಅಂತಾರಲ್ಲ ಮತ್ತೆ ಕಡಿದ ಕಾಡು ಯಾಕೆ ವಾಪಸ್ ಬಂದಿಲ್ಲ? ಅದೇ ವರದಿಯಲ್ಲಿ ಐಫೋನ್‌ಗಿಂತ ದೊಡ್ಡ ವಿಷಯಗಳಿದ್ವು, ಅವುಗಳ ಬಗ್ಗೆ ಹೆಚ್ಚು ಯಾರೂ ಮಾತಾಡಲಿಲ್ಲ. ನೆಟ್ಟ ಗಿಡಗಳಲ್ಲಿ ಬದುಕಿದ್ದು ಶೇ 33 ಮಾತ್ರ. ಕಾಡು ಬಿಟ್ಟುಕೊಡೋಕೆ ಅಂತಿಮ ಒಪ್ಪಿಗೆ ಸಿಕ್ಕಿ 8 ವರ್ಷಕ್ಕಿಂತ ಹೆಚ್ಚಾದ್ಮೇಲೆ ಗಿಡ ನೆಟ್ಟ ಪ್ರಕರಣಗಳು 37. ಗಿಡ ನೆಡೋಕೆ ಯೋಗ್ಯ ಅಂತ ಅಧಿಕಾರಿಗಳು ಸರ್ಟಿಫಿಕೇಟ್ ಕೊಟ್ಟಿದ್ದ ಸುಮಾರು 1,200 ಹೆಕ್ಟೇರ್ ಜಾಗ ನಿಜಕ್ಕೂ ಯೋಗ್ಯವೇ ಆಗಿರಲಿಲ್ಲ. ಫೋನ್ ತಗೊಂಡೋರನ್ನ ಹಿಡಿದು ದುಡ್ಡು ವಾಪಸ್ ಕಟ್ಟಿಸಬಹುದು, ಈ ಮೂರನ್ನ ಹಾಗೆ ಸರಿ ಮಾಡೋಕಾಗಲ್ಲ. ಇವು ಯಾಕೆ ಆಗತ್ತೆ ಅನ್ನೋದು ಅರ್ಥ ಆಗ್ಬೇಕು ಅಂದ್ರೆ ದುಡ್ಡು ಹುಟ್ಟೋ ಜಾಗದಿಂದ ಶುರು ಮಾಡ್ಬೇಕು.

ದುಡ್ಡು ಎಲ್ಲಿಂದ ಬರತ್ತೆ

ಕಾಡಿನ ಒಳಗೆ ರಸ್ತೆ, ರೈಲು, ಕರೆಂಟ್ ಲೈನ್, ಗಣಿ ಏನೇ ಮಾಡ್ಬೇಕಾದ್ರೂ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಪ್ರಕಾರ ಕೇಂದ್ರದ ಅನುಮತಿ ಬೇಕು. ಹೈವೇ ಪ್ರಾಧಿಕಾರ ಇರಬಹುದು, ರೈಲ್ವೆ ಇರಬಹುದು, ಲೋಕೋಪಯೋಗಿ ಇಲಾಖೆ ಇರಬಹುದು, ಜಾಗ ಕೇಳೋರಿಗೆಲ್ಲ ಫೈಲ್‌ನಲ್ಲಿ ಯೂಸರ್ ಏಜೆನ್ಸಿ ಅಂತ ಹೆಸರು. ಅರ್ಜಿ ಪರಿವೇಶ್ ಅನ್ನೋ ಕೇಂದ್ರ ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ ಹೋಗತ್ತೆ, ಮೊದಲು ಸ್ಟೇಜ್-1 ಅಂದ್ರೆ ತಾತ್ವಿಕ ಒಪ್ಪಿಗೆ ಸಿಗತ್ತೆ, ಅದರ ಜೊತೆ ಒಂದಷ್ಟು ಷರತ್ತು, ಷರತ್ತು ಪೂರೈಸಿ ದುಡ್ಡು ಕಟ್ಟಿದ್ಮೇಲೆ ಸ್ಟೇಜ್-2 ಅಂತಿಮ ಒಪ್ಪಿಗೆ.

ಕಟ್ಟೋ ದುಡ್ಡಲ್ಲಿ ಮುಖ್ಯವಾಗಿ ಎರಡು ಭಾಗ. ಒಂದು ಪರಿಹಾರ ಅರಣ್ಯೀಕರಣದ್ದು, ಅಂದ್ರೆ ಹೋದ ಕಾಡಿಗೆ ಬದಲಾಗಿ ಬೇರೆ ಕಡೆ ಗಿಡ ನೆಟ್ಟು ಕೆಲವು ವರ್ಷ ನೋಡ್ಕೊಳ್ಳೋ ಖರ್ಚು. ಎಷ್ಟು ಕಾಡು ಹೋಯ್ತೋ ಅಷ್ಟೇ ವಿಸ್ತೀರ್ಣದ ಕಾಡಲ್ಲದ ಜಾಗ ಕೊಡ್ಬೇಕು, ಕೇಂದ್ರ ಸರ್ಕಾರದ ಪ್ರಾಜೆಕ್ಟ್‌ಗಳಿಗೆ ಮತ್ತೆ ಇನ್ನೂ ಕೆಲವಕ್ಕೆ ವಿನಾಯ್ತಿ ಇದೆ, ಅವರು ಹಾಳಾದ ಕಾಡಿನ ಜಾಗದಲ್ಲಿ ಎರಡು ಪಟ್ಟು ನೆಡಿಸಿದ್ರೆ ಸಾಕು. ಎರಡನೇದು ಎನ್‌ಪಿವಿ, ಅಂದ್ರೆ ನಿವ್ವಳ ಪ್ರಸ್ತುತ ಮೌಲ್ಯ. ಕಾಡು ವರ್ಷಾನುವರ್ಷ ಕೊಡೋ ನೀರು, ಮಣ್ಣು, ಸೌದೆ, ಕಾಡುತ್ಪನ್ನ, ಇಂಗಾಲ ಹಿಡಿದಿಡೋ ಕೆಲಸ ಎಲ್ಲಕ್ಕೂ ಬೆಲೆ ಕಟ್ಟಿ ಇವತ್ತಿನ ದುಡ್ಡಲ್ಲಿ ಹೇಳೋ ಮೊತ್ತ. ನೆಟ್ಟ ಗಿಡ ಕಾಡಾಗೋಕೆ ದಶಕಗಳು ಬೇಕಲ್ಲ, ಅಲ್ಲೀವರೆಗೆ ಆಗೋ ನಷ್ಟಕ್ಕೆ ಇದು. ವನ್ಯಜೀವಿ ಯೋಜನೆ, ಮಣ್ಣು ಸಂರಕ್ಷಣೆ ಅಂತ ಪ್ರಾಜೆಕ್ಟ್ ನೋಡ್ಕೊಂಡು ಇನ್ನಷ್ಟು ಸೇರತ್ತೆ.

ಹಾಗಾಗಿ ಇದು ನೇರವಾಗಿ ಬಜೆಟ್‌ನ ದುಡ್ಡಲ್ಲ. ಆದ್ರೆ ಯೂಸರ್ ಏಜೆನ್ಸಿ ಸರ್ಕಾರದ್ದೇ ಆದಾಗ, ರಸ್ತೆ ಮತ್ತೆ ರೈಲಿನಲ್ಲಿ ಬಹುಪಾಲು ಹಾಗೇ, ಕೊನೆಗೆ ಅದು ಜನರ ದುಡ್ಡೇ, ಒಂದು ಜೇಬಿಂದ ಇನ್ನೊಂದು ಜೇಬಿಗೆ.

ಕೋರ್ಟ್ ಹೇಳಿದ್ಮೇಲೆ ಹುಟ್ಟಿದ ನಿಧಿ

2002ರವರೆಗೆ ಈ ದುಡ್ಡು ಆಯಾ ರಾಜ್ಯಗಳ ಹತ್ರಾನೇ ಇರ್ತಿತ್ತು, ಬಹಳಷ್ಟು ಖರ್ಚೇ ಆಗ್ತಿರಲಿಲ್ಲ. ಗೋದಾವರ್ಮನ್ ತಿರುಮುಲ್ಪಾಡ್ ಕೇಸ್ ಅಂತ 1995ರಲ್ಲಿ ಶುರುವಾದ ಅರಣ್ಯ ಪ್ರಕರಣ ಇದ್ಯಲ್ಲ, ಅದರಲ್ಲಿ ಸುಪ್ರೀಂ ಕೋರ್ಟ್ ಇದನ್ನ ಗಮನಿಸಿ ಎಲ್ಲ ಸೇರಿಸಿ ಒಂದು ಪ್ರತ್ಯೇಕ ನಿಧಿ ಮಾಡಿ, ಎನ್‌ಪಿವಿ ಕೂಡ ವಸೂಲಿ ಮಾಡಿ ಅಂತ 2002ರಲ್ಲಿ ಹೇಳ್ತು. 2004ರಲ್ಲಿ ಆ ನಿಧಿ ನೋಡ್ಕೊಳ್ಳೋ ಪ್ರಾಧಿಕಾರದ, ಅಂದ್ರೆ ಕ್ಯಾಂಪಾದ, ಅಧಿಸೂಚನೆ ಬಂತು, ಕೆಲಸಕ್ಕೆ ಬರಲಿಲ್ಲ. 2006ರಲ್ಲಿ ಕೋರ್ಟೇ ತಾತ್ಕಾಲಿಕ ಕ್ಯಾಂಪಾ ಮಾಡಿಸ್ತು, ದುಡ್ಡು ಬ್ಯಾಂಕ್ ಡೆಪಾಸಿಟ್‌ಗಳಲ್ಲಿ ಸೇರ್ತಾ ಹೋಯ್ತು. 2009ರಿಂದ ವರ್ಷಕ್ಕೆ ಸುಮಾರು ಸಾವಿರ ಕೋಟಿ ಮಾತ್ರ ರಾಜ್ಯಗಳಿಗೆ ಬಿಡೋಕೆ ಅವಕಾಶ ಇತ್ತು. ಒಳಗೆ ಬರೋದು ಜಾಸ್ತಿ, ಹೊರಗೆ ಹೋಗೋದು ಕಮ್ಮಿ, ಮೇಲೆ ಬಡ್ಡಿ, ಹೀಗೆ ಬೆಟ್ಟದಷ್ಟಾಯ್ತು.

2016ರಲ್ಲಿ ಪರಿಹಾರ ಅರಣ್ಯೀಕರಣ ನಿಧಿ ಕಾಯ್ದೆ ಪಾಸ್ ಆಯ್ತು, 2018ರಲ್ಲಿ ನಿಯಮ ಬಂತು, ಶೇ 90 ರಾಜ್ಯಕ್ಕೆ ಶೇ 10 ಕೇಂದ್ರಕ್ಕೆ ಅಂತಾಯ್ತು. 2019ರ ಆಗಸ್ಟ್‌ನಲ್ಲಿ 27 ರಾಜ್ಯಗಳಿಗೆ ಒಟ್ಟಿಗೆ 47 ಸಾವಿರ ಕೋಟಿಗೂ ಹೆಚ್ಚು ದುಡ್ಡು ವರ್ಗಾವಣೆ ಆಯ್ತು, ಕರ್ನಾಟಕದ ಪಾಲಿಗೆ ಬಂದಿದ್ದು ಸುಮಾರು 1,350 ಕೋಟಿ. ಈಗ ಪ್ರತಿ ರಾಜ್ಯ ವರ್ಷಕ್ಕೊಂದು ಕ್ರಿಯಾಯೋಜನೆ ಮಾಡಿ ಕೇಂದ್ರದ ಪ್ರಾಧಿಕಾರಕ್ಕೆ ಕಳಿಸ್ಬೇಕು, ಅವರು ಒಪ್ಪಿದ ಕೆಲಸಕ್ಕೆ ದುಡ್ಡು ಬಿಡುಗಡೆ ಆಗತ್ತೆ. ಅನುದಾನದ ಥರಾನೇ ನಡಿಯತ್ತೆ.

ಐಫೋನ್ ಎಲ್ಲಿಂದ ಬಂತು ಅನ್ನೋದಕ್ಕೂ ಇಲ್ಲೇ ಸುಳಿವಿದೆ. 2018ರ ನಿಯಮದಲ್ಲಿ ಎನ್‌ಪಿವಿ ದುಡ್ಡಿನ ಶೇ 80 ಕಾಡು ಮತ್ತೆ ವನ್ಯಜೀವಿ ನಿರ್ವಹಣೆಗೆ, ಉಳಿದ ಶೇ 20 ಇಲಾಖೆಯ ಮೂಲಸೌಕರ್ಯ ಬಲಪಡಿಸೋಕೆ. ಖಾಯಂ ನೌಕರರ ಸಂಬಳಕ್ಕೆ, ವಿದೇಶ ಪ್ರವಾಸಕ್ಕೆ ಬಳಸಬಾರದು ಅಂತ ಸ್ಪಷ್ಟವಾಗಿದೆ, ಆದ್ರೆ ಮೂಲಸೌಕರ್ಯ ಅನ್ನೋ ಬಾಗಿಲು ತೆರೆದೇ ಇದೆ. ಕಾಡಲ್ಲಿ ಗಸ್ತು ತಿರುಗೋ ಗಾರ್ಡ್‌ಗೆ ಬೇಕಾದ ಸಲಕರಣೆಗೂ ಆಫೀಸಿನ ಸವಲತ್ತಿಗೂ ನಡುವೆ ಗೆರೆ ಎಳೆಯೋರು ಅದೇ ಆಫೀಸಿನಲ್ಲಿ ಕೂತಿರ್ತಾರೆ.

ಒಂದು ಕಿಲೋಮೀಟರ್ ಲೆಕ್ಕ

ದರ ನೋಡಿದ್ರೆ ಇನ್ನೊಂದು ವಿಷಯ ಕಾಣತ್ತೆ. 2008ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಎನ್‌ಪಿವಿ ದರ ಹೆಕ್ಟೇರ್‌ಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ. 14 ವರ್ಷ ಅದೇ ನಡೀತು. 2022ರಲ್ಲಿ ಪರಿಷ್ಕರಣೆ ಆಗಿ ಸುಮಾರು 9.6 ಲಕ್ಷದಿಂದ 16 ಲಕ್ಷಕ್ಕೆ ಬಂತು. ಅಭಯಾರಣ್ಯ ಆದ್ರೆ ಐದು ಪಟ್ಟು, ರಾಷ್ಟ್ರೀಯ ಉದ್ಯಾನ ಆದ್ರೆ ಹತ್ತು ಪಟ್ಟು.

ಈಗ ಒಂದು ನಾಲ್ಕು ಪಥದ ಹೈವೇ ತಗೊಳ್ಳೋಣ, ಅಗಲ 60 ಮೀಟರ್ ಅಂತಿಟ್ಕೊಳ್ಳಿ. ಒಂದು ಕಿಲೋಮೀಟರ್ ಉದ್ದಕ್ಕೆ 60 ಸಾವಿರ ಚದರ ಮೀಟರ್, ಅಂದ್ರೆ 6 ಹೆಕ್ಟೇರ್. ಅಭಯಾರಣ್ಯದ ಹೊರಗೆ, ಅತೀ ದಟ್ಟ ಕಾಡಿನ ಗರಿಷ್ಠ ದರ ಹಾಕಿದ್ರೂ ಎನ್‌ಪಿವಿ 96 ಲಕ್ಷ, ಒಂದು ಕೋಟಿ ಕೂಡ ಇಲ್ಲ. ಅದೇ ಒಂದು ಕಿಲೋಮೀಟರ್ ನಾಲ್ಕು ಪಥದ ರಸ್ತೆ ಮಾಡೋಕೆ ಹತ್ತಾರು ಕೋಟಿ ಬೇಕು. ಹಾಗಾಗಿ ಡಿಪಿಆರ್, ಅಂದ್ರೆ ವಿವರವಾದ ಯೋಜನಾ ವರದಿ, ಮಾಡೋ ಎಂಜಿನಿಯರ್ ಮುಂದೆ ಎರಡು ದಾರಿ ಇದ್ದಾಗ, ಒಂದು ಕಾಡಿನೊಳಗೆ ನೇರ, ಇನ್ನೊಂದು ಕಾಡು ಬಳಸ್ಕೊಂಡು ಐದಾರು ಕಿಲೋಮೀಟರ್ ಹೆಚ್ಚು, ದುಡ್ಡಿನ ಲೆಕ್ಕ ಯಾವಾಗ್ಲೂ ನೇರ ದಾರಿ ಕಡೆಗೇ ವಾಲತ್ತೆ. ಬಳಸು ದಾರಿಗೆ ರೈತರ ಜಮೀನು ತಗೋಬೇಕು, ಮಾರ್ಕೆಟ್ ರೇಟಿನ ಎಷ್ಟೋ ಪಟ್ಟು ಪರಿಹಾರ ಕೊಡ್ಬೇಕು, ಕೋರ್ಟ್ ಕೇಸು ಬೇರೆ. ಕಾಡಿನ ಪರವಾಗಿ ಪರಿಹಾರ ಸಾಲಲ್ಲ ಅಂತ ಹೇಳೋರು ಮೀಟಿಂಗ್‌ನಲ್ಲಿ ಇರೋದು ಕಮ್ಮಿ.

ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗದ ವಿವಾದವನ್ನ ಈ ಕಣ್ಣಲ್ಲಿ ನೋಡಿ. ಸುಮಾರು 164 ಕಿಲೋಮೀಟರ್ ಮಾರ್ಗ, ಪಶ್ಚಿಮ ಘಟ್ಟ ಇಳಿದು ಕರಾವಳಿಗೆ ಹೋಗೋದು, ಕೇಳಿದ ಕಾಡಿನ ಜಾಗ ಸುಮಾರು 595 ಹೆಕ್ಟೇರ್, 2 ಲಕ್ಷಕ್ಕೂ ಹೆಚ್ಚು ಮರ. 2020ರ ಮಾರ್ಚ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ಕೊಡ್ತು, ಜೂನ್‌ನಲ್ಲಿ ಹೈಕೋರ್ಟ್ ತಡೆ ಕೊಡ್ತು. ಅಷ್ಟೂ ಹೆಕ್ಟೇರ್‌ಗೆ ಈಗಿನ ಗರಿಷ್ಠ ಮೂಲ ದರ ಹಾಕಿದ್ರೆ ಎನ್‌ಪಿವಿ 95 ಕೋಟಿ ಆಸುಪಾಸು. ಕರಾವಳಿಗೆ ಸರಕು ಸಾಗಣೆ, ಬಂದರಿಗೆ ಸಂಪರ್ಕ ಅನ್ನೋ ವಾದಕ್ಕೆ ತೂಕ ಇದೆ, ಉತ್ತರ ಕರ್ನಾಟಕದ ಜನ ದಶಕಗಳಿಂದ ಕೇಳ್ತಿದ್ದಾರೆ, ಅದನ್ನ ತಳ್ಳಿ ಹಾಕೋಕಾಗಲ್ಲ. ಆದ್ರೆ ಘಟ್ಟದ ಕಾಡಿಗೆ ನಾವು ಕಟ್ಟಿದ ಬೆಲೆ ಒಂದು ದೊಡ್ಡ ರೈಲು ಯೋಜನೆಯ ಖರ್ಚಲ್ಲಿ ಕಣ್ಣಿಗೂ ಕಾಣದಷ್ಟು ಚಿಕ್ಕದು ಅನ್ನೋದೂ ಅಷ್ಟೇ ನಿಜ. ಬೆಲೆ ಇಷ್ಟು ಕಮ್ಮಿ ಇದ್ದಾಗ, ಕಾಡನ್ನ ತಪ್ಪಿಸಿ ಹೋಗೋಕೆ ಯಾರಿಗೂ ಕಾರಣವೇ ಸಿಗಲ್ಲ.

ರಸ್ತೆ ಮಾಡೋ ಹಾನಿ ಯಾವ ಥರದ್ದು

2014-15ರಿಂದ 2023-24ರವರೆಗಿನ ಹತ್ತು ವರ್ಷದಲ್ಲಿ ದೇಶದಲ್ಲಿ ಸುಮಾರು 1.73 ಲಕ್ಷ ಹೆಕ್ಟೇರ್ ಕಾಡು ಬೇರೆ ಕೆಲಸಕ್ಕೆ ಹೋಗಿದೆ, ಅದ್ರಲ್ಲಿ ರಸ್ತೆಗೆ ಹೋಗಿದ್ದು 30 ಸಾವಿರ ಹೆಕ್ಟೇರ್‌ಗೂ ಮೇಲೆ. ಗಣಿ, ಅಣೆಕಟ್ಟಿಗೆ ಹೋಲಿಸಿದ್ರೆ ಕಮ್ಮಿ ಅನ್ಸತ್ತೆ. ಆದ್ರೆ ಹೆಕ್ಟೇರ್ ಲೆಕ್ಕ ರಸ್ತೆಯ ವಿಷಯದಲ್ಲಿ ದಾರಿ ತಪ್ಪಿಸತ್ತೆ. ಗಣಿ ಒಂದೇ ಕಡೆ ಗುಂಡಿ ತೋಡತ್ತೆ, ರಸ್ತೆ ಉದ್ದಕ್ಕೆ ಸೀಳತ್ತೆ. ಅಗಲ ಬರೀ 60 ಮೀಟರ್, ಆದ್ರೆ ಎರಡೂ ಕಡೆ ಇದ್ದ ಒಂದೇ ಕಾಡು ಎರಡು ತುಂಡಾಗತ್ತೆ.

ಒಂದು ಮೋರಿಯ ಉದಾಹರಣೆ ನೋಡಿ. ಘಟ್ಟದ ಇಳಿಜಾರಿನಲ್ಲಿ ರಸ್ತೆ ಮಾಡುವಾಗ ಒಂದು ಕಡೆ ಗುಡ್ಡ ಕಡೀತಾರೆ, ಇನ್ನೊಂದು ಕಡೆ ಮಣ್ಣು ತುಂಬ್ತಾರೆ. ಮಳೆಗಾಲದಲ್ಲಿ ಮಾತ್ರ ಹರಿಯೋ ಸಣ್ಣ ಸಣ್ಣ ಹಳ್ಳಗಳು ಬೇಸಿಗೆಯಲ್ಲಿ ಸರ್ವೇ ಮಾಡಿದಾಗ ಕಾಣಲ್ಲ, ಹಾಗಾಗಿ ನಾಲ್ಕೈದು ಹಳ್ಳದ ನೀರನ್ನ ಚರಂಡಿಯಲ್ಲಿ ತಂದು ಒಂದೇ ಪೈಪ್ ಮೋರಿಗೆ ಬಿಡ್ತಾರೆ. ಮಳೆ ಬಂದಾಗ ಎಲೆ, ಕೊಂಬೆ, ಕಲ್ಲು ಸೇರಿ ಪೈಪ್ ಕಟ್ಕೊಳ್ಳತ್ತೆ, ಮೇಲ್ಗಡೆ ನೀರು ನಿಂತು ಮರದ ಬೇರು ಕೊಳೆಯತ್ತೆ, ಕೆಳಗಡೆ ನೀರೇ ಸಿಗದ ಹಳ್ಳಗಳು ಒಣಗ್ತವೆ, ನೀರು ಹೊರಬರೋ ಆ ಒಂದು ಜಾಗದಲ್ಲಿ ರಭಸಕ್ಕೆ ಮಣ್ಣು ಕೊರೆದು ಗುಡ್ಡ ಜಾರತ್ತೆ. ಕೆಳಗಿನ ತೋಟಕ್ಕೆ ನೀರಿನ ಮೂಲ ಆ ಹಳ್ಳಾನೇ ಆಗಿದ್ರೆ ಅದೂ ಹೋಯ್ತು. ಇಷ್ಟೆಲ್ಲ ಆಗೋದು ರಸ್ತೆಗೆ ಅಂತ ತಗೊಂಡ 6 ಹೆಕ್ಟೇರ್‌ನ ಹೊರಗೆ. ಪರಿಹಾರದ ಫೈಲಲ್ಲಿ ಅದು ಬರೋದೇ ಇಲ್ಲ.

ಪ್ರಾಣಿಗಳ ವಿಷಯಾನೂ ಹೀಗೇ. ಮರದ ಮೇಲೇ ಬದುಕೋ ಸಿಂಗಳೀಕಕ್ಕೆ ಎರಡು ಕಡೆಯ ಕೊಂಬೆಗಳು ತಾಗೋದು ನಿಂತ್ರೆ ಆ ರಸ್ತೆ ಒಂದು ಗೋಡೆ. ಆನೆ ದಾಟೋ ಜಾಗದಲ್ಲಿ ಗುಡ್ಡ ಕಡಿದು ನೇರ ಗೋಡೆ ನಿಲ್ಲಿಸಿದ್ರೆ ಅದು ಪಕ್ಕದ ಊರಿನ ಗದ್ದೆಗೆ ಇಳಿಯತ್ತೆ, ಆಮೇಲೆ ಅದಕ್ಕೆ ಮಾನವ-ಪ್ರಾಣಿ ಸಂಘರ್ಷ ಅಂತ ಹೆಸರು, ಬೇರೆ ಇಲಾಖೆ, ಬೇರೆ ಪರಿಹಾರ, ಬೇರೆ ಫೈಲು.

ಈ ಹಾನಿಗೆಲ್ಲ ನಾವು ಕೊಡ್ತಿರೋ ಉತ್ತರ ಏನಂದ್ರೆ ನೂರಾರು ಕಿಲೋಮೀಟರ್ ದೂರದ ಬಯಲಲ್ಲಿ ಹೆಕ್ಟೇರ್‌ಗೆ ಸಾವಿರ ಚಿಲ್ಲರೆ ಗಿಡ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗಾಗಿದೆ. ಕ್ಯಾಂಪಾದ ಮೂಲ ತೊಂದರೆ ಕಳ್ಳತನ ಅಲ್ಲ, ದುಡ್ಡು ಹಾನಿಯಾದ ಜಾಗಕ್ಕೆ ವಾಪಸ್ ಬರೋ ಹಾಗೆ ಅದನ್ನ ಕಟ್ಟಿಯೇ ಇಲ್ಲ. ಕಳ್ಳತನ ಪೂರ್ತಿ ನಿಲ್ಲಿಸಿದ್ರೂ ಈ ತೊಂದರೆ ಹಾಗೇ ಇರತ್ತೆ.

ನೆಟ್ಟ ಗಿಡದ ಲೆಕ್ಕ, ಉಳಿದ ಗಿಡದ ಲೆಕ್ಕ

2013ರಲ್ಲಿ ಸಿಎಜಿ ಇಡೀ ದೇಶದ ಪರಿಹಾರ ಅರಣ್ಯೀಕರಣವನ್ನ ಆಡಿಟ್ ಮಾಡಿತ್ತು. 2006ರಿಂದ 2012ರ ನಡುವೆ ಕಾಡಿಗೆ ಬದಲಾಗಿ ಬರಬೇಕಿದ್ದ ಕಾಡಲ್ಲದ ಜಾಗ 1,03,381 ಹೆಕ್ಟೇರ್, ಬಂದಿದ್ದು 28,086, ಅದ್ರಲ್ಲಿ ಗಿಡ ನೆಟ್ಟಿದ್ದು 7,280. ಬರಬೇಕಿದ್ದ ಜಾಗದ ಶೇ 7 ಅಷ್ಟೇ. ಈಚೆಗೆ ಪರಿಸ್ಥಿತಿ ಸುಧಾರಿಸಿದೆ, 2019-20ರಿಂದ 2023-24ರವರೆಗೆ ಗುರಿ ಸುಮಾರು 2.09 ಲಕ್ಷ ಹೆಕ್ಟೇರ್ ಇದ್ರೆ ಸುಮಾರು 1.78 ಲಕ್ಷ ಹೆಕ್ಟೇರ್ ಆಗಿದೆ, ಶೇ 85. ಈ ಸುಧಾರಣೆ ಸುಳ್ಳಲ್ಲ, ಇಲಾಖೆಯ ಕೆಲಸಕ್ಕೆ ಅದರ ಪಾಲು ಕೊಡ್ಬೇಕು.

ಆದ್ರೆ ಶೇ 85 ಅನ್ನೋದು ನೆಟ್ಟಿದ್ದರ ಲೆಕ್ಕ, ಐದು ವರ್ಷದ ಮೇಲೆ ಎಷ್ಟು ಉಳೀತು ಅನ್ನೋದು ಬೇರೆ ಪ್ರಶ್ನೆ. ಉತ್ತರಾಖಂಡದಲ್ಲಿ ಶೇ 60ಕ್ಕಿಂತ ಹೆಚ್ಚು ಉಳಿಯಬೇಕಿತ್ತು, ಮೂರನೇ ಒಂದು ಭಾಗ ಉಳೀತು. ಕಾರಣ ಹುಡುಕೋಕೆ ದೂರ ಹೋಗ್ಬೇಕಿಲ್ಲ. ಕಾಡಲ್ಲದ ಖಾಲಿ ಜಾಗ ಅಂತ ಸರ್ಕಾರ ಕೊಡೋದು ಯಾರಿಗೂ ಬೇಡವಾದ ಜಾಗ, ಕಲ್ಲು, ಇಳಿಜಾರು, ಇಲ್ಲಾ ಊರಿನ ದನ ಮೇಯೋ ಗೋಮಾಳ. ಅನುದಾನ ಬಿಡುಗಡೆ ತಡ ಆಗಿ ಮಳೆಗಾಲ ಮುಗಿದ್ಮೇಲೆ ಬಂದ್ರೆ ಗುಂಡಿ ತೋಡಿ ಗಿಡ ನೆಡೋದು ಇನ್ನೂ ತಡ. ಕಾವಲಿಗೆ ಜನ ಇಲ್ಲ. ಬೇಗ ಬೆಳೆದು ಫೋಟೋದಲ್ಲಿ ಹಸಿರು ಕಾಣೋ ಒಂದೆರಡು ಜಾತಿ ಗಿಡ ನೆಟ್ಟು ಟಾರ್ಗೆಟ್ ಮುಗಿಸೋದು ಸುಲಭ, ಆ ಜಾಗದ ಹುಲ್ಲು, ಪೊದೆ, ಸ್ಥಳೀಯ ಮರ ನಿಧಾನಕ್ಕೆ ಚೇತರಿಸಿಕೊಳ್ಳೋಕೆ ಬಿಡೋದು ಕಷ್ಟ, ಯಾಕಂದ್ರೆ ಅದಕ್ಕೆ ವರ್ಷದ ಕೊನೆಗೆ ತೋರ್ಸೋ ಸಂಖ್ಯೆ ಇಲ್ಲ.

ಹಿಮಾಚಲದ ಕಾಂಗ್ರಾ ಜಿಲ್ಲೆಯಲ್ಲಿ ದಶಕಗಳ ಗಿಡ ನೆಡೋ ಕಾರ್ಯಕ್ರಮಗಳನ್ನ ಉಪಗ್ರಹ ಚಿತ್ರ ಇಟ್ಕೊಂಡು ಪರಿಶೀಲಿಸಿದ ಸಂಶೋಧನೆಯೊಂದು 2021ರಲ್ಲಿ ಬಂತು. ಕಾಡಿನ ಮೇಲ್ಛಾವಣಿ, ಅಂದ್ರೆ ಮರಗಳ ಎಲೆ-ಕೊಂಬೆಯ ಹೊದಿಕೆ, ಗಮನಾರ್ಹವಾಗಿ ಹೆಚ್ಚಲೂ ಇಲ್ಲ, ಜನರ ಬದುಕಿಗೆ ಹೇಳಿಕೊಳ್ಳೋಷ್ಟು ಅನುಕೂಲ ಆಗಲೂ ಇಲ್ಲ ಅನ್ನೋದೇ ಅದರ ಸಾರ. ಹಾಗಾದ್ರೆ ಸರ್ಕಾರಿ ವರದಿಗಳಲ್ಲಿ ದೇಶದ ಅರಣ್ಯ ಹೊದಿಕೆ ಹೇಗೆ ಏರ್ತಿದೆ ಅಂತ ಕೇಳ್ತೀರಿ. ಒಂದು ಹೆಕ್ಟೇರ್‌ಗಿಂತ ದೊಡ್ಡ ಜಾಗದಲ್ಲಿ ಶೇ 10ರಷ್ಟು ಮರದ ನೆರಳಿದ್ರೆ ಅದು ಅರಣ್ಯ ಹೊದಿಕೆ, ಯಾರದ್ದು, ಯಾವ ಮರ ಅನ್ನೋದು ಲೆಕ್ಕಕ್ಕಿಲ್ಲ. ನೆಡುತೋಪು, ತೋಟ ಕೂಡ ಸೇರ್ಕೊಳ್ಳತ್ತೆ. ಘಟ್ಟದ ಕಾಡು ಹತ್ತು ಹೆಕ್ಟೇರ್ ಹೋಗಿ ಬಯಲಲ್ಲಿ ನೆಡುತೋಪು ಇಪ್ಪತ್ತು ಹೆಕ್ಟೇರ್ ಬಂದ್ರೆ ಕಾಗದದಲ್ಲಿ ಅದು ಲಾಭ.

ಯಾರ ವಾದ ಏನು

ರಸ್ತೆ ಮಾಡೋರ ವಾದ ಇಷ್ಟು: ಕಾನೂನು ಕೇಳಿದ ದುಡ್ಡೆಲ್ಲ ಕಟ್ಟಿದ್ದೀವಿ, ಗಿಡ ನೆಡೋದು ನಮ್ಮ ಕೆಲಸ ಅಲ್ಲ, ಇಲಾಖೆ ಮಾಡದಿದ್ರೆ ನಾವೇನು ಮಾಡೋದು, ಒಂದೊಂದು ದಿನ ತಡ ಆದ್ರೂ ಬಡ್ಡಿ ಏರತ್ತೆ. ಇದ್ರಲ್ಲಿ ನ್ಯಾಯ ಇದೆ. ಆದ್ರೆ ತೊಂದರೆ ಬೇರೆ ಕಡೆ ಇದೆ. ರಸ್ತೆ, ರೈಲಿನಂಥ ಉದ್ದುದ್ದ ಯೋಜನೆಗಳಿಗೆ ಸ್ಟೇಜ್-1 ಸಿಕ್ಕಿ ದುಡ್ಡು ಕಟ್ಟಿದ ತಕ್ಷಣ ಮರ ಕಡಿದು ಕೆಲಸ ಶುರು ಮಾಡೋಕೆ ಅನುಮತಿ ಸಿಗತ್ತೆ. ಜೊತೆಗೆ 2013ರಿಂದ ಕಾಡಲ್ಲದ ಭಾಗದಲ್ಲಿ ಅರಣ್ಯ ಅನುಮತಿಗೆ ಕಾಯದೇ ಕಾಮಗಾರಿ ಮಾಡಬಹುದು. ಪರಿಣಾಮ ಏನಂದ್ರೆ ಎರಡೂ ಕಡೆಯಿಂದ ನಾಲ್ಕು ಪಥ ಬಂದು ಕಾಡಿನ ಅಂಚಲ್ಲಿ ನಿಂತಿರತ್ತೆ, ನೂರಾರು ಕೋಟಿ ಖರ್ಚಾಗಿದೆ, ಈಗ ಬೇಡ ಅನ್ನೋದು ಹೇಗೆ ಅನ್ನೋ ಒತ್ತಡ ಹುಟ್ಟತ್ತೆ. ಆ ಹೊತ್ತಿಗೆ ದಾರಿ ಬದಲಿಸೋ ಪ್ರಶ್ನೆ ಸತ್ತು ಹೋಗಿರತ್ತೆ, ಉಳಿಯೋದು ಎಷ್ಟು ದುಡ್ಡು ಅನ್ನೋದು ಮಾತ್ರ.

ಅರಣ್ಯ ಇಲಾಖೆಯವರು ಹೇಳೋದು ಜಾಗ ಇಲ್ಲ, ಜನ ಇಲ್ಲ, ಕ್ರಿಯಾಯೋಜನೆ ಒಪ್ಪಿಗೆ ಆಗಿ ದುಡ್ಡು ಕೈಗೆ ಬರೋದ್ರಲ್ಲಿ ಅರ್ಧ ವರ್ಷ ಹೋಗಿರತ್ತೆ ಅಂತ. ಕಾಡಲ್ಲಿ ಬದುಕೋ ಜನರ ಪರವಾಗಿ ಮಾತಾಡೋರದ್ದು ಇನ್ನೂ ಗಟ್ಟಿ ಆಕ್ಷೇಪ: 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಗ್ರಾಮಸಭೆಗೆ ಅಧಿಕಾರ ಕೊಟ್ಟು, 2016ರ ನಿಧಿ ಕಾಯ್ದೆಯಲ್ಲಿ ಗಿಡ ನೆಡೋಕೆ ಅದೇ ಗ್ರಾಮಸಭೆಯ ಒಪ್ಪಿಗೆ ಬೇಕು ಅಂತ ಬರೆಯಲೇ ಇಲ್ಲ. ರಾಜ್ಯಸಭೆಯಲ್ಲಿ ಕಾಂಗ್ರೆಸ್‌ನ ಮಾಜಿ ಪರಿಸರ ಸಚಿವ ಜೈರಾಮ್ ರಮೇಶ್ ತಿದ್ದುಪಡಿಗೆ ಪಟ್ಟು ಹಿಡಿದಿದ್ರು, ನಿಯಮದಲ್ಲಿ ನೋಡ್ಕೋತೀವಿ ಅಂತ ಆಗಿನ ಪರಿಸರ ಸಚಿವ ಅನಿಲ್ ಮಾಧವ್ ದವೆ ಭರವಸೆ ಕೊಟ್ರು. ಎಲ್ಲೋ ಹೈವೇ ಹೋಗಿದ್ದಕ್ಕೆ ಇನ್ನೆಲ್ಲೋ ಊರಿನವರ ಮೇವಿನ ಜಾಗಕ್ಕೆ ಬೇಲಿ ಬೀಳೋದು ಅನ್ಯಾಯ. ಬೇಲಿ ಹಾಕಿದ ಜಾಗದಲ್ಲಿ ಗಿಡ ಉಳಿಯದೇ ಇರೋದಕ್ಕೂ ಅದೇ ಒಂದು ದೊಡ್ಡ ಕಾರಣ, ಊರಿನವರಿಗೆ ಬೇಡವಾದ ನೆಡುತೋಪನ್ನ ಇಬ್ಬರು ವಾಚರ್‌ಗಳು ಎಷ್ಟು ದಿನ ಕಾಯೋಕಾಗತ್ತೆ.

ಹಾನಿ ಆದ ಕಡೇನೇ ಖರ್ಚು ಮಾಡಿದ್ರೆ

ನಾಗ್ಪುರದಿಂದ ಉತ್ತರಕ್ಕೆ ಹೋಗೋ ರಾಷ್ಟ್ರೀಯ ಹೆದ್ದಾರಿ 44 ಪೆಂಚ್ ಹುಲಿ ಕಾಡನ್ನ ಹಾದು ಹೋಗತ್ತೆ. ಅಗಲೀಕರಣದ ವಿವಾದ ವರ್ಷಗಟ್ಟಲೆ ಕೋರ್ಟಲ್ಲಿ ನಡೆದು ಕೊನೆಗೆ ಮಹಾರಾಷ್ಟ್ರದ ಕಡೆಯ ಸುಮಾರು 16 ಕಿಲೋಮೀಟರ್‌ನಲ್ಲಿ ಪ್ರಾಣಿಗಳಿಗೆ ಅಂತ 9 ಕಡೆ ಅಂಡರ್‌ಪಾಸ್, ಸೇತುವೆ ಕಟ್ಟಿದ್ರು. ವಾಹನ ಮೇಲೆ ಹೋಗತ್ತೆ, ಪ್ರಾಣಿ ಕೆಳಗೆ ಹೋಗತ್ತೆ. ಭಾರತೀಯ ವನ್ಯಜೀವಿ ಸಂಸ್ಥೆಯವರು ಕ್ಯಾಮೆರಾ ಇಟ್ಟು 2019ರಲ್ಲಿ ಹತ್ತು ತಿಂಗಳು ನೋಡಿದಾಗ 18 ಜಾತಿಯ ಪ್ರಾಣಿಗಳು ಅದನ್ನ ಬಳಸ್ತಿದ್ವು, ಹುಲಿ 89 ಸಲ ದಾಟಿತ್ತು. ತಮಿಳುನಾಡಿನ ವಾಲ್ಪಾರೈನಲ್ಲಿ ಸಿಂಗಳೀಕಗಳಿಗೆ ರಸ್ತೆ ಮೇಲೆ ಮರದಿಂದ ಮರಕ್ಕೆ ಸೇತುವೆ ಕಟ್ಟಿದ್ದಾರೆ, ಅದಕ್ಕೆ ತಗಲೋ ಖರ್ಚು ಹೈವೇ ಲೆಕ್ಕದಲ್ಲಿ ಏನೂ ಅಲ್ಲ.

ಪೆಂಚ್‌ನಲ್ಲೂ ಕಾಡು ಹೋಗಿದೆ, ಮರ ಹೋಗಿದೆ, ಅದು ಆದರ್ಶ ಅಂತ ಹೇಳ್ತಿಲ್ಲ. ಆದ್ರೆ ಅಲ್ಲಿ ಖರ್ಚು ರಸ್ತೆ ಕೂತ ಜಾಗದಲ್ಲೇ ಆಯ್ತು, ರಸ್ತೆಯ ವಿನ್ಯಾಸದ ಒಳಗೇ ಆಯ್ತು, ಅದು ಕೆಲಸ ಮಾಡ್ತಿದ್ಯಾ ಇಲ್ವಾ ಅಂತ ಕ್ಯಾಮೆರಾ ಇಟ್ಟು ನೋಡೋಕೂ ಆಯ್ತು. 2015ರ ಗ್ರೀನ್ ಹೈವೇ ನೀತಿಯಲ್ಲಿ ಯೋಜನಾ ವೆಚ್ಚದ ಶೇ 1 ಹಸಿರು ಕೆಲಸಕ್ಕೆ ಅಂತ ಇಟ್ಟಿದ್ದಾರೆ, ಅದು ಹೆಚ್ಚಾಗಿ ಡಿವೈಡರ್ ಮೇಲೆ, ರಸ್ತೆ ಬದಿಯಲ್ಲಿ ಗಿಡ ನೆಡೋ ಯೋಜನೆ. ಅದೇ ಥರ ಒಂದು ಪಾಲನ್ನ ಮೋರಿ ದೊಡ್ಡದು ಮಾಡೋಕೆ, ಹಳ್ಳಕ್ಕೊಂದು ದಾರಿ ಬಿಡೋಕೆ, ಪ್ರಾಣಿ ದಾಟು ಕಟ್ಟೋಕೆ ಅಂತ ಕಾಡಿನ ಭಾಗಗಳಲ್ಲಿ ಕಡ್ಡಾಯ ಮಾಡಿದ್ರೆ ಅದರ ಫಲ ಕ್ಯಾಂಪಾದ ಎಷ್ಟೋ ನೆಡುತೋಪಿಗಿಂತ ಜಾಸ್ತಿ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಹೊರಗಿನ ಉದಾಹರಣೆಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ್ದು ಗಮನಿಸೋ ಹಾಗಿದೆ. ಅಲ್ಲಿ 1989ರ ಕಾನೂನಿನಿಂದ ಬಂದ ಒಂದು ಅನುದಾನ ಯೋಜನೆ ಇದೆ, ಸಾರಿಗೆ ಯೋಜನೆಗಳಿಂದ ಆದ ಪರಿಸರ ಹಾನಿ ತುಂಬೋಕೇ ಇರೋದು, ವರ್ಷಕ್ಕೆ ಸುಮಾರು 70 ಲಕ್ಷ ಡಾಲರ್. ಮೊತ್ತ ಚಿಕ್ಕದು. ಆದ್ರೆ ಎರಡು ಷರತ್ತು ಮುಖ್ಯ. ಅರ್ಜಿ ಹಾಕೋರು ತಮ್ಮ ಕೆಲಸ ಯಾವ ರಸ್ತೆ ಅಥವಾ ಯಾವ ಸಾರಿಗೆ ಯೋಜನೆಯ ಹಾನಿಗೆ ಸಂಬಂಧಿಸಿದ್ದು ಅಂತ ಹೆಸರು ಹೇಳಿ ತೋರಿಸ್ಬೇಕು, ಮತ್ತೆ ಆ ಯೋಜನೆ ಕಾನೂನು ಪ್ರಕಾರ ಹೇಗೂ ಮಾಡ್ಲೇಬೇಕಾದ ಪರಿಹಾರಕ್ಕಿಂತ ಇದು ಹೆಚ್ಚುವರಿ ಆಗಿರಬೇಕು. ಸ್ಥಳೀಯ ಸಂಸ್ಥೆಗಳು, ಲಾಭದ ಉದ್ದೇಶ ಇಲ್ಲದ ಸಂಘಗಳೂ ಅರ್ಜಿ ಹಾಕಬಹುದು. ನಮ್ಮಲ್ಲಿ ಎನ್‌ಪಿವಿ ದುಡ್ಡು ಒಂದು ಸಲ ನಿಧಿಗೆ ಬಿದ್ದ ಮೇಲೆ ಅದು ಯಾವ ರಸ್ತೆಯಿಂದ ಬಂತು ಅನ್ನೋ ಗುರುತೇ ಅಳಿಸಿ ಹೋಗತ್ತೆ, ಆ ಊರಿನ ಪಂಚಾಯ್ತಿಗೆ ಕೇಳೋಕೆ ದಾರೀನೂ ಇಲ್ಲ.

ಮುಂದೆ ಏನಾಗತ್ತೆ

ಈಗ ದಿಕ್ಕು ಬೇರೆ ಕಡೆಗೆ ತಿರುಗ್ತಿದೆ. ಅರಣ್ಯ ಸಂರಕ್ಷಣಾ ಕಾಯ್ದೆಯ ಹೊಸ ನಿಯಮಗಳಲ್ಲಿ ಮೊದಲೇ ಬೆಳೆಸಿಟ್ಟ ನೆಡುತೋಪನ್ನ ಮುಂದೆ ಬರೋ ಯೋಜನೆಯ ಪರಿಹಾರವಾಗಿ ತೋರಿಸೋ ಅವಕಾಶ ಇದೆ. 2023ರ ಅಕ್ಟೋಬರ್‌ನಲ್ಲಿ ಗ್ರೀನ್ ಕ್ರೆಡಿಟ್ ನಿಯಮ ಬಂತು, ಕಂಪನಿಗಳು ಹಾಳಾದ ಕಾಡಿನ ಜಾಗದಲ್ಲಿ ದುಡ್ಡು ಹಾಕಿ ಗಿಡ ಬೆಳೆಸಿ ಕ್ರೆಡಿಟ್ ಅನ್ನೋ ಅಂಕ ಪಡೀಬಹುದು, ಅದನ್ನ ಪರಿಹಾರ ಅರಣ್ಯೀಕರಣಕ್ಕೂ ಬಳಸಬಹುದು. ಮೊದಲು ಮರಕ್ಕೊಂದು ಕ್ರೆಡಿಟ್ ಅಂತಿತ್ತು, ಟೀಕೆ ಬಂದ್ಮೇಲೆ 2025ರ ಆಗಸ್ಟ್‌ನಲ್ಲಿ ಬದಲಾಗಿ ಐದು ವರ್ಷ ಆದ್ಮೇಲೆ, ಕನಿಷ್ಠ ಶೇ 40 ಮೇಲ್ಛಾವಣಿ ಬಂದ್ರೆ ಮಾತ್ರ ಕ್ರೆಡಿಟ್ ಅಂತ ಆಯ್ತು.

ಇದ್ರಲ್ಲಿ ಒಳ್ಳೇದೂ ಇದೆ. ಬೆಳೆದು ನಿಂತ ಮೇಲೆ ದುಡ್ಡು ಅನ್ನೋದು ಉಳಿವಿನ ಸಮಸ್ಯೆಗೆ ನೇರ ಉತ್ತರ, ಕ್ಯಾಂಪಾದಲ್ಲಿ ಮೊದಲಿಂದ ಇರಬೇಕಿದ್ದ ಷರತ್ತು. ಆದ್ರೆ ಹಾನಿಗೂ ಪರಿಹಾರಕ್ಕೂ ಇರೋ ದೂರ ಇನ್ನೂ ಹೆಚ್ಚತ್ತೆ. ರೆಡಿಮೇಡ್ ಪರಿಹಾರ ಸಿಕ್ಕಿದ್ರೆ ರಸ್ತೆ ಮಾಡೋರಿಗೆ ಜಾಗ ಹುಡುಕೋ ತಲೆನೋವು ಇಲ್ಲ, ಅನುಮತಿ ಬೇಗ ಆಗತ್ತೆ, ಕಾಡು ತಪ್ಪಿಸಿ ಹೋಗೋಣ ಅಂತ ಯೋಚಿಸೋಕೆ ಇದ್ದ ಒಂದು ಕಾರಣಾನೂ ಹೋಗತ್ತೆ. ಶೇ 40 ಮೇಲ್ಛಾವಣಿ ಅನ್ನೋ ಅಳತೆ ಹುಲ್ಲುಗಾವಲಿಗೆ, ಕುರುಚಲು ಕಾಡಿಗೆ ಹೊಂದಲ್ಲ, ಅಲ್ಲಿ ಮರ ಒತ್ತಾಗಿ ಬೆಳೆಸೋದೇ ಒಂದು ಹಾನಿ. ಅರಣ್ಯ ಸಂರಕ್ಷಣಾ ಕಾಯ್ದೆಗೆ 2023ರಲ್ಲಿ ಬಂದ ತಿದ್ದುಪಡಿಯಲ್ಲಿ ದೇಶದ ಗಡಿಯಿಂದ 100 ಕಿಲೋಮೀಟರ್ ಒಳಗಿನ ಆಯಕಟ್ಟಿನ ರಸ್ತೆ, ರೈಲುಗಳಿಗೆ ಕಾಯ್ದೆಯಿಂದಲೇ ವಿನಾಯ್ತಿ ಸಿಕ್ಕಿದೆ, ಹಿಮಾಲಯದ ರಾಜ್ಯಗಳಲ್ಲಿ ಅದು ತುಂಬ ದೊಡ್ಡ ವ್ಯಾಪ್ತಿ. ಇನ್ನೊಂದು ಕಡೆ 2025ರ ಫೆಬ್ರವರಿ 3ರಂದು ಸುಪ್ರೀಂ ಕೋರ್ಟ್, ಬದಲಿ ಜಾಗ ಕೊಡದೇ ಕಾಡಿನ ವಿಸ್ತೀರ್ಣ ಕಮ್ಮಿ ಮಾಡೋ ಯಾವ ಹೆಜ್ಜೆನೂ ಇಡಬೇಡಿ ಅಂತ ಕೇಂದ್ರ, ರಾಜ್ಯ ಎರಡಕ್ಕೂ ಹೇಳಿದೆ. ಈ ಎರಡು ಎಳೆತಗಳ ನಡುವೆ ಬರೋ ವರ್ಷಗಳ ಯೋಜನೆಗಳೆಲ್ಲ ಸಾಗಬೇಕು.

ನಿಮ್ಮ ಕಡೆ ಕಾಡಿನಲ್ಲಿ ರಸ್ತೆನೋ ರೈಲೋ ಬರತ್ತೆ ಅಂತಾದ್ರೆ ಪರಿವೇಶ್ ಪೋರ್ಟಲ್‌ನಲ್ಲಿ ಆ ಯೋಜನೆಯ ಹೆಸರು ಹಾಕಿ ಅರ್ಜಿ ಹುಡುಕಿ, ಸ್ಟೇಜ್-1 ಆಗಿಹೋಗಿದ್ರೆ ಷರತ್ತುಗಳೆಲ್ಲ ಆ ಪತ್ರದಲ್ಲೇ ಬರ್ದಿರತ್ತೆ. ಪರಿಹಾರ ಅರಣ್ಯೀಕರಣ ಯಾವ ಜಿಲ್ಲೆಯಲ್ಲಿ, ಯಾವ ಸರ್ವೇ ನಂಬರಲ್ಲಿ, ಆ ಜಾಗ ಈಗ ಯಾರ ಬಳಕೆಯಲ್ಲಿದೆ, ಪರ್ಯಾಯ ದಾರಿ ಎಷ್ಟು ನೋಡಿದ್ರು, ಯಾಕೆ ಬಿಟ್ರು, ಎಷ್ಟು ಮೋರಿ ಮತ್ತೆ ಎಷ್ಟು ಅಗಲ, ಪ್ರಾಣಿ ದಾಟು ಇದ್ಯಾ, ಇವನ್ನ ಕೇಳ್ಬೇಕಾದ ಸಮಯ ಸ್ಟೇಜ್-1ಕ್ಕಿಂತ ಮುಂಚೆ, ಅಲೈನ್‌ಮೆಂಟ್, ಅಂದ್ರೆ ರಸ್ತೆ ಎಲ್ಲಿ ಹಾದು ಹೋಗ್ಬೇಕು ಅನ್ನೋ ನಕ್ಷೆ, ಇನ್ನೂ ಕಾಗದದ ಮೇಲಿರುವಾಗ. ಗ್ರಾಮಸಭೆಯಲ್ಲಿ ನಡಾವಳಿ ಬರೆಯುವಾಗ ಈ ಪ್ರಶ್ನೆಗಳನ್ನೂ ಬರೆಸಿ, ಅರಣ್ಯ ಹಕ್ಕು ಇತ್ಯರ್ಥ ಆಗಿದೆ ಅಂತ ಜಿಲ್ಲಾಡಳಿತ ಕೊಡೋ ಸರ್ಟಿಫಿಕೇಟ್ ಜೊತೆ ಆ ನಡಾವಳಿನೂ ಫೈಲಿಗೆ ಸೇರಿದ್ಯಾ ಅಂತ ವಿಚಾರಿಸಿ.